ಜ್ವರವಿಲ್ಲದ ಮನೆಗೆ ಬ್ರೆಡ್ಡು

ಶ್ರೀ ಗುರುಬಸವಲಿಂಗಾಯ ನಮಃ

ಲಕ್ಷ್ಮೀಪುರಂ, ಮೈಸೂರು
22-1-1959, ಗುರುವಾರ

ಸೌಭಾಗ್ಯವತಿ ದಾಕ್ಷಾಯಣಿಗೆ ಕರಿಬಸವಯ್ಯ ಮಾಡುವ ಆಶೀರ್ವಾದಗಳು.

ಇಲ್ಲಿ ನಾನು ಕ್ಷೇಮ. ಈ ಮಾತನ್ನು ಇಷ್ಟು ವರ್ಷ ಎಲ್ಲ ಕಾಗದದಲ್ಲೂ ಪದ್ಧತಿಗೆ ಬರೆಯುತ್ತಿದ್ದೆ, ಈ ಸಲ ಪ್ರಮಾಣ ಮಾಡಿ ಬರೆಯುತ್ತಿದ್ದೇನೆ. ನನಗೆ ಜ್ವರವಿಲ್ಲ, ಕೆಮ್ಮಿಲ್ಲ, ಭೇದಿಯಿಲ್ಲ. ಹಲ್ಲೂ ಇಲ್ಲ, ಆದರೆ ಅದು ನೀನು ಹೋಗುವುದಕ್ಕೆ ಮುಂಚೆಯೇ ಇರಲಿಲ್ಲ. ಈಗ ಈ ಮನೆಯಲ್ಲಿ ಇರುವುದು ಗೋಡೆ ಮೇಲಿನ ಹಲ್ಲಿ ಮಾತ್ರ.

ನಿನ್ನೆ ನಿನ್ನ ಕಾಗದ ಬಂತು. ಎದುರುಮನೆ ವಸಂತಮ್ಮ ನಿನಗೆ ಕಾರ್ಡು ಹಾಕಿ, ‘ಮೇಷ್ಟ್ರ ಮನೆಗೆ ದಿನಾ ಬ್ರೆಡ್ ಬರ್ತಿದೆ, ಆದ್ರೂ ನೀವು ಗಾಬರಿ ಆಗ್ಬೇಡಿ’ ಎಂದು ಬರೆದಳಂತೆ. ಗಾಬರಿ ಆಗಬೇಡಿ ಎಂದ ಮೇಲೆ ಯಾರಿಗೆ ತಾನೇ ಗಾಬರಿಯಾಗುವುದಿಲ್ಲ! ಹಸಿ ಬಾಣಂತಿ ಪ್ರೇಮಲೀಲಾಳನ್ನು ಬಿಟ್ಟು ಶನಿವಾರದ ರೈಲಿಗೆ ಅರಸೀಕೆರೆಯಿಂದ ಹೊರಡುತ್ತೇನೆ ಅಂದಿದ್ದೀಯ. ಹೊರಡಬೇಡ. ಮಗಳಿಗೆ ನೀರು ಹಾಕುವವರು ಯಾರು, ಕೂಸನ್ನು ಕಾಲಮೇಲೆ ಮಲಗಿಸಿಕೊಳ್ಳುವವರು ಯಾರು? ಈ ಕಾಗದ ಪೂರ್ತಿ ಓದು. ಬೈಯುವುದಿದ್ದರೆ ಆಮೇಲೆ ಬೈ.

ನಮ್ಮ ಬೀದಿಯಲ್ಲಿ ಬ್ರೆಡ್ಡು ಎಂದರೇನು ಎಂದು ನಿನಗೆ ಹೇಳಬೇಕೆ? ಮನೆಗೆ ಬ್ರೆಡ್ಡು ಬಂತು ಅಂದರೆ ಒಳಗೆ ಬೆಡ್ಡು ಹಾಸಿದ್ದಾರೆ ಎಂದೇ ಅರ್ಥ. ಡಾಕ್ಟರು ಹೇಳಿದರೆ ತರುವುದು, ಹಾಲಿನಲ್ಲಿ ನೆನೆಸಿ ಕಣ್ಣು ಮುಚ್ಚಿ ನುಂಗುವುದು, ಪಥ್ಯ ಬಿಟ್ಟ ದಿನ ಉಳಿದದ್ದನ್ನು ಹಸುವಿಗೆ ಹಾಕುವುದು. ಎಲ್ಲರೂ ಗಟ್ಟಿಯಾಗಿರುವಾಗ ತಂದರೆ ಕಾಯಿಲೆಗೆ ಅಕ್ಷತೆ ಕೊಟ್ಟು ಕರೆದ ಹಾಗೆ. ‘ಹೆಂಡ ಹಾಕಿ ಹುಳಿ ಬರಿಸ್ತಾರೆ, ಕಾಲಲ್ಲಿ ತುಳೀತಾರೆ’ ಎಂದು ನೀನೂ ಹೇಳುತ್ತಿದ್ದೆ, ನಾನೂ ಸುಮ್ಮನಿದ್ದೆ. ನೀನು ಹೋದೆ. ಮನೆಯಲ್ಲಿ ಮುದ್ದೂ ಇಲ್ಲ, ಮುದ್ದೆಯೂ ಇಲ್ಲ. ಹೋಟೆಲಿನ ದೋಸೆಯ ಅಂಚು ವಸಡಿಗೆ ಚುಚ್ಚುತ್ತದೆ. ಒಂದು ಸಂಜೆ ಧೈರ್ಯ ಮಾಡಿ ಬೀದಿ ತುದಿಯ ಬೇಕರಿಗೆ ನುಗ್ಗಿದೆ.

ನೀನು ಕಣ್ಣೆತ್ತಿಯೂ ನೋಡದ ಆ ಅಂಗಡಿಯವನ ಹೆಸರು ಮರಿಸ್ವಾಮಿ. ಇಲವಾಲದ ಗೌಡರ ಹುಡುಗ, ಬೆಂಗಳೂರಿನ ದಂಡು ಪ್ರದೇಶದ ಬೇಕರಿಯೊಂದರಲ್ಲಿ ಕಸುಬು ಕಲಿತು ಬಂದವನು. ಕೈಯಲ್ಲೇ ನಾದುತ್ತಾನೆ, ಕಾಲು ನೆಲದ ಮೇಲೇ ಇರುತ್ತದೆ, ನಾನೇ ನಿಂತು ನೋಡಿದ್ದೇನೆ. ಹೆಂಡದ ವಾಸನೆಯೂ ಇಲ್ಲ. ಹಿಟ್ಟು ಉಬ್ಬಿ ಬರುವಾಗ ಅವನು ಬಟ್ಟೆ ಸರಿಸಿ ಇಣುಕಿ ನೋಡುವ ಚೆಂದವನ್ನು ನೋಡಬೇಕು, ಮಲಗಿದ ಕೂಸನ್ನು ನೋಡಿದ ಹಾಗೆ.

‘ಏನಪ್ಪಾ, ಬೋರ್ಡಲ್ಲಿ ಬೇಕರಿ ಅಂತಿದೆ, ಬೇಕ್ರೀ ಅನ್ನೋರು ಒಬ್ಬರೂ ಇಲ್ವಲ್ಲ’ ಅಂದೆ. ನಕ್ಕ. ಆಮೇಲೆ ಮುಖ ಸಣ್ಣದು ಮಾಡಿಕೊಂಡ. ‘ಮಳೆಗಾಲದಾಗೆ ಜ್ವರ ಜಾಸ್ತಿ, ಆವಾಗ ಪರವಾಗಿಲ್ಲ ಮೇಷ್ಟ್ರೇ. ಈಗ ಊರೆಲ್ಲ ಗಟ್ಟಿಮುಟ್ಟಾಗದೆ, ನಾನೇ ಮಲಗಿಬುಟ್ಟಿವ್ನಿ’ ಎಂದ. ಬರುವ ಒಬ್ಬರಿಬ್ಬರೂ ಬ್ರೆಡ್ಡನ್ನು ಟವೆಲಿನಡಿ ಮುಚ್ಚಿಕೊಂಡು ಹೋಗುತ್ತಾರಂತೆ, ದಾರಿಯಲ್ಲಿ ಯಾರೂ ‘ಯಾರಿಗೆ ಹುಷಾರಿಲ್ಲ’ ಎಂದು ಕೇಳಬಾರದಲ್ಲ.

ಊರಿನಿಂದ ಅವನ ತಾಯಿ ಕೆಂಚಮ್ಮ ಹೇಳಿ ಕಳಿಸಿದ್ದಳು. ರಾಗಿ ಒಕ್ಕಣೆ ಮುಗಿದ ಮೇಲೆ ಬಂದು ನೋಡುತ್ತೇನೆ, ಅಂಗಡಿ ಹೀಗೇ ಇದ್ದರೆ ಒಲೆಗೆ ನೀರು ಸುರಿದು ನನ್ನ ಹಿಂದೆ ಹೊಲಕ್ಕೆ ಬರಬೇಕು ಎಂದು. ‘ಯಾರ್ಗೆ ಜ್ವರ ಬತ್ತದೋ ಅಂತ ಕಾಯ್ಕೊಂಡ್ ಕೂರೋದೂ ಒಂದು ಬದುಕೇನ್ಲಾ?’ ಎಂದಿದ್ದಳಂತೆ. ಒಂದು ಬ್ರೆಡ್ಡು ಕೊಂಡು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದೆ.

ಗೇಟು ತೆಗೆಯುವಷ್ಟರಲ್ಲಿ ವಸಂತಮ್ಮ ಓಡಿ ಬಂದಳು. ‘ಅಯ್ಯೋ ಮೇಷ್ಟ್ರೇ, ಏನಾಯ್ತು? ಯಾವಾಗಿಂದ?’ ಏನೂ ಇಲ್ಲ ಅನ್ನಬೇಕೆಂದೇ ಬಾಯಿ ತೆರೆದೆ. ಆದರೆ ನನ್ನ ಬಾಯಿ ನಿನಗೆ ಗೊತ್ತಲ್ಲ. ‘ಒಳಜ್ವರ ಕಣಮ್ಮ’ ಅಂದುಬಿಟ್ಟಿತು. ಮುಟ್ಟಿ ನೋಡಿದರೆ ಸಿಕ್ಕಿಬೀಳದ ಜ್ವರ ಅದೊಂದೇ.

ದೀಪ ಹಚ್ಚುವ ಹೊತ್ತಿಗೆ ಬೀದಿಗೆ ಬೀದಿಯೇ ನಮ್ಮ ನಡುಮನೆಯಲ್ಲಿತ್ತು. ಒಬ್ಬರು ಮೂಸಂಬಿ ತಂದರು, ಒಬ್ಬರು ಬೆಟ್ಟದ ಕುಂಕುಮ ತಂದರು. ನಾನು ಮಫ್ಲರ್ ಸುತ್ತಿಕೊಂಡು ಕಂಬಳಿಯೊಳಗೆ ಕಂಬಳಿಹುಳುವಿನ ಹಾಗೆ ಬಿದ್ದಿದ್ದೆ. ವಸಂತಮ್ಮ ಮೆಣಸಿನ ಸಾರು ತಂದಿಟ್ಟು ಬ್ರೆಡ್ಡು ಅದ್ದಿಕೊಡಲು ಬಂದಳು. ಆಗ ತಲೆಗೊಂದು ಉಪಾಯ ಹೊಳೆಯಿತು. ಕಾಯಿಲೆಯವರ ಆಸೆ ಮುರಿಯಬಾರದು ಎಂಬುದು ಎಲ್ಲರೂ ನಂಬುವ ಮಾತು. ‘ವಸಂತಮ್ಮ, ನಂದೊಂದು ಆಸೆ. ಒಬ್ಬನೇ ತಿಂದ್ರೆ ಗಂಟಲಲ್ಲಿ ಇಳಿಯಲ್ಲ. ಕಾವಲಿ ಮೇಲೆ ತುಪ್ಪ ಹಾಕಿ ಸುಟ್ಟು, ಚಟ್ನಿಪುಡಿ ಹಚ್ಚಿ, ನೀವೂ ಒಂದೊಂದು ತುಂಡು ತಿನ್ನಬೇಕು’ ಎಂದು ನರಳಿದೆ.

ವಿಷ ಕೊಟ್ಟವರ ಮುಖ ನೋಡುವ ಹಾಗೆ ನೋಡಿದಳು. ಆದರೂ ತಿಂದಳು. ಅರ್ಧ ತಿಂದು ನಿಲ್ಲಿಸಿ, ‘ಅಯ್ಯೋ, ಇದು ಚೆನ್ನಾಗೇ ಇದೆಯಲ್ರೀ! ನಮ್ಮನೇಲಿ ತಂದಾಗ ಸುಣ್ಣ ತಿಂದಂಗಿತ್ತು’ ಅಂದಳು. ‘ಆವಾಗ ನಿಮಗೆ ಟೈಫಾಯ್ಡು. ಆ ಬಾಯಿಗೆ ಒಬ್ಬಟ್ಟು ಕೊಟ್ಟಿದ್ರೂ ಸುಣ್ಣವೇ’ ಅಂದೆ. ನಡುಮನೆ ಗೊಳ್ಳೆಂದಿತು. ನೋಡಿದೆಯಾ ದಾಕ್ಷಾಯಣಿ, ಇಡೀ ಬೀದಿಯಲ್ಲಿ ಗಟ್ಟಿ ನಾಲಿಗೆಯಿಂದ ಬ್ರೆಡ್ಡು ತಿಂದವರೇ ಇರಲಿಲ್ಲ. ಜ್ವರದ ಕಹಿಯನ್ನೆಲ್ಲ ಪಾಪದ ಬ್ರೆಡ್ಡಿನ ತಲೆಗೆ ಕಟ್ಟಿದ್ದೆವು.

ಮರುದಿನ ನನ್ನ ಆರೋಗ್ಯ ವಿಚಾರಿಸಲು ಬಂದವರು ಹೆಚ್ಚಾದರು. ಅದರ ಮರುದಿನ ಇನ್ನೂ ಹೆಚ್ಚಾದರು. ವಿಚಾರಿಸುವುದು ಮಾತ್ರ ಕಡಿಮೆಯಾಯಿತು. ನೇರವಾಗಿ ಕಾವಲಿ ಕಡೆಗೇ ಹೋಗುತ್ತಿದ್ದರು.

ಮೂಲೆಮನೆಯ ಸುಂದರಮ್ಮ ಟೀಚರೂ ಬಂದರು. ಗಂಡ ಹೋದ ಮೇಲೆ ಆಕೆ ಯಾರ ಹೊಸಿಲೂ ತುಳಿದದ್ದಿಲ್ಲ. ಆಕೆಗೆ ಸಕ್ಕರೆ ಕಾಯಿಲೆ. ಅನ್ನ ಕಡಿಮೆ ಮಾಡಿ ರಾಗಿ ತಿನ್ನಿ ಎಂದಿದ್ದಾರಂತೆ ಡಾಕ್ಟರು. ‘ಒಬ್ಬಳಿಗೆ ಅಂತ ಯಾರು ಮುದ್ದೆ ತಿರುವ್ತಾರೆ ಮೇಷ್ಟ್ರೇ? ಕೋಲು ತಿರುಗಿಸಕ್ಕೆ ರಟ್ಟೇಲಿ ಶಕ್ತಿ ಬೇಕು, ಎದುರಿಗೆ ಇನ್ನೊಂದು ತಟ್ಟೆ ಬೇಕು. ನನಗೆ ಎರಡೂ ಇಲ್ಲ’ ಎಂದರು. ತುಂಡನ್ನು ಅತ್ತಿತ್ತ ತಿರುಗಿಸಿ ನೋಡಿ, ‘ಇದನ್ನೇ ರಾಗೀಲಿ ಮಾಡಕ್ಕಾಗಲ್ವಾ?’ ಎಂದು ಕೇಳಿದರು.

ಮರಿಸ್ವಾಮಿಗೆ ಹೇಳಿದೆ. ಬರೀ ರಾಗಿಯಲ್ಲಿ ಮಾಡಿ ತಂದ. ಅದು ಉಬ್ಬಲೇ ಇಲ್ಲ, ಕಲ್ಲಾಗಿತ್ತು. ‘ಇದನ್ನ ಬೆಟ್ಟದ ಮೆಟ್ಟಿಲಿಗೆ ದಾನ ಕೊಡು, ಪುಣ್ಯ ಬರುತ್ತೆ’ ಅಂದೆ. ಹುಡುಗ ಸೋಲಲಿಲ್ಲ. ಮನೆಯಲ್ಲಿ ತಾಯಿ ಅಂಬಲಿಗೆ ರಾಗಿಹಿಟ್ಟು ಕಲಸಿ ಹುಳಿಗೆ ಬಿಡುತ್ತಿದ್ದದ್ದು ನೆನಪಾಯಿತಂತೆ. ಹಾಗೆ ಹುಳಿ ಬಂದ ರಾಗಿಯನ್ನು ಗೋಧಿಹಿಟ್ಟಿಗೆ ಬೆರೆಸಿದ. ಉಬ್ಬಿತು! ಮಳೆ ಬಿದ್ದ ಹೊಲದ ಬಣ್ಣ, ಒಳಗೆ ಮೆತ್ತಗೆ, ನನ್ನ ವಸಡಿಗೂ ಜಗ್ಗುವಷ್ಟು. ಸುಂದರಮ್ಮ ಸೊಪ್ಪಿನ ಸಾರಿಗೆ ಎರಡು ತುಂಡು ಅದ್ದಿಕೊಂಡು ತಿಂದರು. ಡಾಕ್ಟರಿಗೆ ತೋರಿಸಿದರೆ, ಬಿಳೀದಕ್ಕಿಂತ ಇದು ವಾಸಿ, ಮಿತಿಯಲ್ಲಿ ತಿನ್ನಿ ಎಂದರಂತೆ. ಅವತ್ತಿನಿಂದ ದಿನಾ ಸಂಜೆ ತಮ್ಮ ತಟ್ಟೆ ತಾವೇ ತೊಳೆದುಕೊಂಡು ನಮ್ಮ ಜಗಲಿಗೆ ಬರುತ್ತಾರೆ. ಅಷ್ಟು ಹಾಸ್ಯ ಆಕೆಯೊಳಗೆ ಎಲ್ಲಿ ಅಡಗಿತ್ತೋ!

ಹೀಗಿರುವಾಗ ಮೊನ್ನೆ ಸೋಮವಾರ ಕೆಂಚಮ್ಮ ಬಂದಳು. ಅಂಗಡಿಯಲ್ಲಿ ಮಗನಿಲ್ಲ, ಬ್ರೆಡ್ಡು ಕೊಡಲು ನಮ್ಮ ಮನೆಗೆ ಬಂದಿದ್ದ. ಹುಡುಕಿಕೊಂಡು ಬಂದವಳು ಜನ ನೋಡಿ ಬೆಚ್ಚಿದಳು. ಮೇಷ್ಟ್ರಿಗೆ ಒಳಜ್ವರ ಎಂದು ಯಾರೋ ಹೇಳಿದರು. ಸೀದಾ ಬಂದು ನನ್ನ ಕಣ್ಣರೆಪ್ಪೆ ಎಳೆದು ನೋಡಿದಳು, ನಾಲಿಗೆ ಚಾಚಿಸಿದಳು, ಕಂಬಳಿ ಕಿತ್ತು ಆಚೆಗೆಸೆದಳು.

‘ನಮ್ಮೆತ್ತು ಕಾಯ್ಲೆ ಬಿದ್ರೆ ಮೇವು ಮುಟ್ಟಾಕಿಲ್ಲ. ನೀವ್ ನೋಡುದ್ರೆ ಮೀಸೆ ತುಂಬ ಚಟ್ನಿಪುಡಿ ಮಡಿಕೊಂಡಿದೀರಿ. ಏಳಿ ಮೇಲಕ್ಕೆ!’

ಎದ್ದೆ. ಏಳದೆ ಏನು ಮಾಡಲಿ? ವಸಂತಮ್ಮನ ಕಣ್ಣು ಕೆಂಡವಾಯಿತು. ‘ಮೇಷ್ಟ್ರೇ! ಸಂಕ್ರಾಂತಿ ದಿನಾನೂ ನಿಮಗೆ ಮೆಣಸಿನ ಸಾರು ಕಾಯಿಸಿದೀನಿ ಕಣ್ರೀ!’ ‘ಹಬ್ಬದ ದಿನದ್ದು ತುಂಬಾ ಚೆನ್ನಾಗಿತ್ತು ಕಣಮ್ಮ’ ಅಂದೆ. ಯಾರೂ ನಗಲಿಲ್ಲ.

ಕೆಂಚಮ್ಮ ಮಗನ ಕಡೆ ತಿರುಗಿದಳು. ‘ನೋಡ್ದೇನ್ಲಾ ಮರಿ? ನಿನ್ ಅಂಗ್ಡಿಗಿದ್ದೋನು ಒಬ್ಬ ರೋಗಿ, ಅದೂ ಸುಳ್ಳು ರೋಗಿ. ನಡಿ, ಒಲೆ ಆರ್ಸು.’ ಹುಡುಗ ತಲೆ ತಗ್ಗಿಸಿಕೊಂಡು ಹಿಟ್ಟಿನ ಕೈಯನ್ನು ಟವೆಲಿಗೆ ಒರೆಸುತ್ತಾ ನಿಂತ. ಒರೆಸಿದ್ದನ್ನೇ ಒರೆಸುತ್ತಿದ್ದ. ನನ್ನ ತಮಾಷೆ ಅವನ ಹೊಟ್ಟೆಗೆ ಕಲ್ಲು ಹಾಕಿತ್ತು.

ಸುಂದರಮ್ಮ ಎದ್ದು ನಿಂತರು. ‘ಮೇಷ್ಟ್ರಿಗೆ ಕಾಯಿಲೆ ಇಲ್ಲ, ಸರಿ. ನನಗಿದೆ ಕಣಮ್ಮ. ನಾಳೆ ನನಗೆ ಬ್ರೆಡ್ ಬೇಕು.’

‘ಅದೇ ಕಣವ್ವ ನಾನು ಏಳಾದು. ಇನ್ನೊಬ್ರ ಕಾಯ್ಲೇಲಿ ನಮಗೆ ಅನ್ನ ಬ್ಯಾಡ’ ಅಂದಳು ಕೆಂಚಮ್ಮ.

ಆಗ ವಸಂತಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಮುಂದೆ ಬಂದಳು. ನನಗೆ ಬೈಯಬೇಕಾದ ಸಿಟ್ಟನ್ನೆಲ್ಲ ಕೆಂಚಮ್ಮನ ಮೇಲೆ ಹರಿಬಿಟ್ಟಳು. ‘ನಂಗೆ ಯಾವ ಕಾಯ್ಲೇನೂ ಇಲ್ಲ. ನಮ್ಮನೆಯವರಿಗೂ ಇಲ್ಲ, ಮಕ್ಕಳಿಗೂ ಇಲ್ಲ. ನಾಳೆ ನಂಗೆ ಎರಡು ಬೇಕು.’

‘ಮತ್ಯಾಕೆ?’

‘ಸುಮ್ನೆ. ತಿನ್ನಕ್ಕೆ!’

ಬಾಗಿಲ ಹತ್ತಿರದಿಂದ ಯಾರೋ ‘ನಮಗೂ ಒಂದು’ ಎಂದರು. ಹಿಂದಿನಿಂದ ‘ನಮ್ಮನೆಗೂ’ ಎಂದರು. ಕೆಂಚಮ್ಮ ಎಲ್ಲರ ಮುಖವನ್ನೂ ನೋಡಿದಳು, ಜ್ವರ ಹುಡುಕುವ ಹಾಗೆ. ಆಮೇಲೆ ಜಗಲಿ ಮೇಲೆ ಕುಳಿತು ಕೈಚಾಚಿದಳು. ಸುಂದರಮ್ಮ ತಮ್ಮ ತಟ್ಟೆಯನ್ನೇ ಮುಂದಿಟ್ಟರು. ಸಾರಿಗೆ ಅದ್ದಿ ಬಾಯಿಗಿಟ್ಟಳು. ಅಗಿದಳು. ಮಗನ ಕಡೆ ತಿರುಗಿದಳು.

‘ಈ ರಾಗಿ ಎಲ್ಲಿಂದ ತಂದೆ?’

‘ಅಂಗಡಿಯಿಂದ ಕಣವ್ವ.’

‘ಅದ್ಕೇ ಇಂಗೆ ಮುಗ್ಗಲು ವಾಸ್ನೆ. ಕಣದ ತುಂಬ ಒಸ ರಾಗಿ ಬಿದ್ದದೆ. ಪ್ಯಾಟೆಯವ್ರ ಮುಂದೆ ನಮ್ ಮಾನ ಕಳೀಬ್ಯಾಡ. ನಾಳಿಕ್ ಬಂದು ಒಂದು ಮೂಟೆ ಒತ್ಕೊಂಡೋಗು.’

ಮೂಟೆ ಬಂದಿದೆ. ಇವತ್ತು ಬೆಳಿಗ್ಗೆ ವಸಂತಮ್ಮ ಎರಡು ಬ್ರೆಡ್ಡನ್ನು ಟವೆಲಿಲ್ಲದೆ, ಆರತಿ ತಟ್ಟೆ ಹಿಡಿದ ಹಾಗೆ ಹಿಡಿದುಕೊಂಡು ನಡುಬೀದಿಯಲ್ಲಿ ಬಂದಳು. ಯಾರೋ ‘ಯಾರಿಗಮ್ಮ ಹುಷಾರಿಲ್ಲ?’ ಎಂದು ಕೇಳಿದ್ದಕ್ಕೆ, ‘ಎಲ್ಲರೂ ಹುಷಾರಾಗಿದೀವಿ, ನಿಮಗೇನು ಹೊಟ್ಟೆಕಿಚ್ಚಾ?’ ಎಂದಳು. ನನ್ನ ಜೊತೆ ಮಾತ್ರ ಇನ್ನೂ ಮಾತು ಬಿಟ್ಟಿದ್ದಾಳೆ. ಸಾರು ಬಿಟ್ಟಿಲ್ಲ, ಕಾಂಪೌಂಡಿನ ಮೇಲೆ ಇಟ್ಟು ಹೋಗುತ್ತಾಳೆ.

ಪ್ರೇಮಲೀಲಾಳಿಗೆ ಆಶೀರ್ವಾದ. ಕೂಸಿಗೆ ಮುತ್ತು. ಅದಕ್ಕೂ ನನಗೂ ಈಗ ಒಂದೇ ಬಾಯಿ ಎಂದು ಹೇಳು.

ಇಂತು ನಿನ್ನ,
ಉಂಡು ತಿಂದು ಗುಂಡಗಿರುವ,
ಕರಿಬಸವಯ್ಯ

ತಾ. ಕ.: ಒಂದು ಮಾತನ್ನು ಮೇಲೆ ಬರೆಯದೆ ಬಿಟ್ಟೆ. ಅವತ್ತು ಎಲ್ಲರೂ ಹೋದ ಮೇಲೆ ಕೆಂಚಮ್ಮ ಹೊಸಿಲಲ್ಲಿ ನಿಂತು, ‘ಮನೆಯವ್ರು ಊರ್ಗೋಗಿ ಎಷ್ಟ್ ದಿನಾಯ್ತು?’ ಅಂದಳು. ತಿಂಗಳಾಯಿತು ಅಂದೆ. ಖಾಲಿ ಮನೆಯೊಳಗೆ ಒಮ್ಮೆ ಕಣ್ಣಾಡಿಸಿ, ‘ಅಂಗಾದ್ರೆ ಒಳಜ್ವರ ಅಂತ ನೀವು ಪೂರ್ತಿ ಸುಳ್ ಏಳ್ಳಿಲ್ಲ ಬುಡಿ’ ಅಂದು ಹೋದಳು. ಅವಳು ಕಿತ್ತೆಸೆದಿದ್ದ ಕಂಬಳಿಯನ್ನು ಎತ್ತಿ ಮಡಿಸಿಟ್ಟೆ. ಶನಿವಾರ ಬರಬೇಡ. ಕೂಸು ತೊಟ್ಟಿಲೇರಲಿ, ಮಗಳು ಎದ್ದು ಓಡಾಡಲಿ. ಆಮೇಲೆ ಮಾತ್ರ ಒಂದು ದಿನವೂ ತಡಮಾಡಬೇಡ, ದಾಕ್ಷಾಯಣಿ.