ಯಾರೂ ಸಾರಿಸದ ಅಂಗಳ

ನನ್ನ ಅವ್ವನಿಗೆ,

ನಿನಗೆ ಓದು ಬರುತ್ತಿರಲಿಲ್ಲ. ಬೋಂಡಾ ತಿಂದಾದ ಮೇಲೆ ಅದನ್ನು ಕಟ್ಟಿಕೊಟ್ಟ ಪೇಪರನ್ನು ಬಿಡಿಸಿ ನನ್ನ ಕೈಗೆ ಕೊಟ್ಟು, "ಏನ್ ಬರ್ದವ್ರೆ ಓದು ಮಗ" ಅನ್ನುತ್ತಿದ್ದೆ. ಈಗ ಈ ಕಾಗದವನ್ನು ನಿನಗೆ ಯಾರು ಓದಿ ಹೇಳುತ್ತಾರೋ... ಯಾರಾದರೂ ಓದಲಿ. ನೀನು ಹೋಗುವ ಮುಂಚೆ ನಿನಗೆ ಒಂದು ಸುಳ್ಳು ಹೇಳಿದ್ದೆ. ನೀನು ಟೆನಿಸ್ ಕೋರ್ಟಿನಲ್ಲಿ ಬಿದ್ದ ಆ ಶನಿವಾರ ನಾನು ಎಲ್ಲಿದ್ದೆ ಅನ್ನುವುದು. ಅದನ್ನು ಹೇಳದೆ ನನಗೆ ಅನ್ನ ಇಳಿಯುತ್ತಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗಿನ ಒಂದು ಭಾನುವಾರ ನಿನಗೆ ನೆನಪಿರಬೇಕು. ಪುಟ್ಟೇನಹಳ್ಳಿ ಕೆರೆಗೆ ಹೋಗುವ ದಾರಿಯಲ್ಲಿ ಕ್ಲಬ್ಬಿನ ಟೆನಿಸ್ ಕೋರ್ಟು, ಅದರ ಹಿಂದೆ ನಮ್ಮ ಒಂದೇ ಕೋಣೆಯ ಮನೆ. ಕೋರ್ಟು ನೋಡಿಕೊಳ್ಳುವ ಕೆಲಸ ಅಪ್ಪನ ಹೆಸರಿನಲ್ಲಿ. ಮಣ್ಣಿನ ಕೋರ್ಟಾದ್ದರಿಂದ ಶನಿವಾರಕ್ಕೊಮ್ಮೆ ಸಗಣಿ ಹಾಕಿ ಸಾರಿಸುವುದು ಮಾತ್ರ ನಿನ್ನ ಪಾಲಿಗೆ, ಬುದ್ಧಿ ಬಂದ ಮೇಲೆ ನನ್ನ ಪಾಲಿಗೂ. ಅಪ್ಪ ರೋಲರ್ ಎಳೆದುಕೊಟ್ಟು ಬೀಡಿ ಹಚ್ಚುತ್ತಿದ್ದ. ನಾವಿಬ್ಬರೂ ಡ್ರಮ್ಮಿನಲ್ಲಿ ನೆನೆಸಿದ ಸಗಣಿ ನೀರು ಸುರಿದು ಪೊರಕೆಯಲ್ಲಿ ಎಳೆಯಬೇಕು. ಆಡುವವರ ಹಿಮ್ಮಡಿ ಬಿದ್ದು ಗುಂಡಿಯಾದ ಕಡೆ ಮೊಣಕಾಲೂರಿ ಕೈಯಲ್ಲೇ ಮೆತ್ತಬೇಕು. ಭಾನುವಾರ ಬೆಳಿಗ್ಗೆ ಬಿಳಿ ಬೂಟಿನವರು ಬಂದು ಒಂದು ಗಂಟೆಯಲ್ಲಿ ಅಷ್ಟನ್ನೂ ಕೆದರಿ ಹಾಕುತ್ತಿದ್ದರು. ಆ ಭಾನುವಾರ ಒಬ್ಬರು ಮೇಡಮ್ಮು ಪ್ರೀತಿಯಿಂದಲೇ, "ಟೆನಿಸ್ ಕಲೀತೀಯಾ ಪುಟ್ಟಿ?" ಅಂದರು. ನಾನು "ಥೂ, ಬೇಡ" ಅಂದುಬಿಟ್ಟೆ. ನೀನು ಸೆರಗಿನ ಮರೆಯಲ್ಲಿ ಚೆನ್ನಾಗಿ ಚಿವುಟಿದೆ. ಆಮೇಲೆ ಮನೆಯೊಳಗೆ ಬಂದು ಇಬ್ಬರೂ ಬಿದ್ದು ಬಿದ್ದು ನಗಲಿಲ್ಲವಾ?

ಅಂಥ ನಾನು ಟೆನಿಸ್ ಆಡಲು ಕಲಿತದ್ದು ಯಶವಂತಪುರದಲ್ಲಿ, ಟಿವಿ ಜೋಡಿಸುವ ವರ್ಕ್‌ಶಾಪಿಗೆ ಸೇರಿದ ವರ್ಷ. ಹೊಸ ಸೆಟ್ಟುಗಳಲ್ಲಿ ಚಿತ್ರ ನೆಟ್ಟಗೆ ಬರುತ್ತದೋ ಇಲ್ಲವೋ ನೋಡಲು ಓನರು ದುಬೈನಿಂದ ಯಾರ ಕೈಯಲ್ಲೋ ಒಂದು ಟಿವಿ ಗೇಮು ತರಿಸಿದ್ದರು. ಕಪ್ಪು ಪರದೆ, ನಡುವೆ ಬಿಳಿ ಗೆರೆ, ಎರಡು ತುದಿಗೆ ಎರಡು ಬಿಳಿ ಕಡ್ಡಿ, ಅವುಗಳ ಮಧ್ಯೆ ಓಡಾಡುವ ಒಂದು ಚುಕ್ಕೆ, ಅದೇ ಚೆಂಡು. ಪೆಟ್ಟಿಗೆಯ ಮೇಲಿನ ತಿರುಪು ತಿರುಗಿಸಿದರೆ ಕಡ್ಡಿ ಮೇಲೆ ಕೆಳಗೆ ಹೋಗುತ್ತದೆ, ಅಷ್ಟೇ. ನನ್ನ ಪಕ್ಕ ಕೂತು ಬೆಸುಗೆ ಹಾಕುತ್ತಿದ್ದ ಆರ್.ಟಿ. ನಗರದ ಶಾಹಿದಾ ಗೊತ್ತಲ್ಲ, ಅವಳೇ ಮೊದಲು ಎಳೆದದ್ದು. "ಬಾರೇ ರತ್ನಾ, ಒಂದ್ ಕೈ ನೋಡು. ಸೋತೋರು ಎಲ್ರ ಟಿಫನ್ ಡಬ್ಬಿ ತೊಳೀಬೇಕು." ಟೆನಿಸ್ ಅಂದರೆ ಮೈ ಉರಿಯುತ್ತೆ ಅಂತ ಮುಖ ತಿರುಗಿಸಿದವಳು ಒಂದು ವಾರದಲ್ಲಿ ಊಟ ಬಿಟ್ಟು ಅದರ ಮುಂದೆ ಕೂತೆ. ಚೆಂಡು ಎಷ್ಟು ಸಲ ಹೋಗಿ ಬಂದರೂ ನೆಲ ಕೆದರುವುದಿಲ್ಲ, ಗೆರೆ ಅಳಿಯುವುದಿಲ್ಲ. ಅಷ್ಟು ಹಗುರಾಗಿ ನಾನು ಯಾವತ್ತೂ ಯಾವ ಆಟವನ್ನೂ ಆಡಿರಲಿಲ್ಲ ಅವ್ವ.

ಆಯುಧಪೂಜೆಗೆ ನಿನ್ನನ್ನೂ ವರ್ಕ್‌ಶಾಪಿಗೆ ಕರೆದುಕೊಂಡು ಹೋಗಿದ್ದೆನಲ್ಲ. ಕಡಲೆಪುರಿ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ನೀನು ನಮ್ಮ ಆಟವನ್ನು ಕಣ್ಣು ಕಿರಿದು ಮಾಡಿ ನೋಡಿದೆ. ಬಹಳ ಹೊತ್ತಾದ ಮೇಲೆ, "ಈ ಅಂಗ್ಳ ಯಾರು ಸಾರ್ಸಾದು?" ಅಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ನಾಚಿಕೆಯಾಯಿತು, ನಿಜ ಹೇಳುತ್ತೇನೆ. "ಯಾರೂ ಇಲ್ಲ ಕಣವ್ವ" ಅಂದೆ. "ಅಂಗಾರೆ ಒಳ್ಳೇ ಆಟ ಬುಡು" ಅಂದು ನೀನು ಪುರಿ ಬಾಯಿಗೆ ಹಾಕಿಕೊಂಡೆ. ಬೇರೆ ಯಾರ ಅವ್ವನಿಗೂ ಆ ಪ್ರಶ್ನೆ ಹೊಳೆಯುತ್ತಿರಲಿಲ್ಲ. ಅದು ನನಗೆ ಅರ್ಥವಾಗಲು ನೀನು ಹೋಗಬೇಕಾಯಿತು.

ಈಗ ಆ ಶನಿವಾರ. ಎರಡು ಗಂಟೆಗೆ ಕೆಲಸ ಬಿಟ್ಟಿತು. ಮೂರೂವರೆಗೆಲ್ಲ ನಾನು ಮನೆಯಲ್ಲಿರಬೇಕಿತ್ತು. ನೀನು ಸಗಣಿ ನೆನೆಸಿಟ್ಟು ಕಾಯುತ್ತಿದ್ದೆ. ಹಿಂದಿನ ದಿನ ಶಾಹಿದಾ ನನ್ನನ್ನು ಸೋಲಿಸಿದ್ದಳು. "ಒಂದೇ ಗೇಮು ಕಣೇ, ಆಡಿ ಹೋಗು" ಅಂದಳು. ಒಂದು ಎರಡಾಯಿತು. ಅವಳನ್ನು ಬೈಯುವುದಿಲ್ಲ, ಎರಡನೆಯದನ್ನು ಕೇಳಿದವಳು ನಾನೇ. ಏಳು ಆಟ ಆಡಿದೆ ಅವ್ವ. ಹೆಬ್ಬಾಳದಲ್ಲಿ ಬಸ್ಸು ಬದಲಿಸಿ ಬರುವಷ್ಟರಲ್ಲಿ ಆರು ಗಂಟೆ. ಅಪ್ಪ ನನಗೊಂದು ಸಂಬಂಧ ನೋಡಲು ಚಿಕ್ಕಬಾಣಾವರಕ್ಕೆ ಅಂತ ಹೇಳಿ ಹೋಗಿದ್ದ. ನೀನು ನನ್ನನ್ನು ಕಾದು ಕಾದು, ಅಪ್ಪನೂ ಇಲ್ಲದೆ, ಆ ಕಲ್ಲಿನ ರೋಲರನ್ನು ಒಬ್ಬಳೇ ಎಳೆದಿದ್ದೆ. ಸಾರಿಸಲೂ ಶುರು ಮಾಡಿ, ಅಲ್ಲೇ ಕುಸಿದು ಬಿದ್ದಿದ್ದೆ. ನಾನು ಬಂದಾಗ ಗೇಟಿನ ಹತ್ತಿರ ಜನ. ನಿನ್ನನ್ನು ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಅರ್ಧ ಕೋರ್ಟು ಒದ್ದೆಯಾಗಿತ್ತು, ಇನ್ನರ್ಧ ಒಣಗಿತ್ತು.

ಆಸ್ಪತ್ರೆಯಲ್ಲಿ ನೀನು ಕಣ್ಣು ಬಿಟ್ಟು ಕೇಳಿದ್ದು ಒಂದೇ ಮಾತು. "ಯಾಕ್ ಮಗ, ಒತ್ತಾಯ್ತು?" ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಿಜ ಹೇಳುತ್ತಿದ್ದೆನೋ ಏನೋ. "ಓಟಿ ಇತ್ತವ್ವ, ಹೆಚ್ಚು ಹೊತ್ತು ಕೆಲ್ಸ ಮಾಡ್ಸುದ್ರು" ಅಂದೆ. ನೀನು ಪಕ್ಕದ ಮಂಚದ ಹೆಂಗಸಿಗೆ, "ನನ್ ಮಗ್ಳು ಟಿವಿ ಮಾಡ್ತಾಳೆ. ಅವಳಿಲ್ದಿದ್ರೆ ಆಗಕಿಲ್ಲ, ಓಟಿ ಮಾಡುಸ್ಕತ್ತಾರೆ" ಅಂತ ಹೇಳಿಕೊಂಡೆ. ಭಾನುವಾರ ಬೆಳಕು ಹರಿಯುತ್ತಲೇ, "ಕೋರ್ಟು ಅರ್ದ ಉಳ್ಕಂಡದೆ, ಅವ್ರು ಬರೋಕ್ ಮುಂಚೆ ಓಗಿ ಮುಗುಸ್ಬುಡು" ಅಂತ ನನ್ನನ್ನು ಅಟ್ಟಿದೆ. ಹಲ್ಲು ಕಚ್ಚಿಕೊಂಡು ಸಾರಿಸಿ ಬಂದೆ. "ಓಟಿ ಮಾಡಿ ಸುಸ್ತಾಗಿದ್ದೀಯ, ಒಸಿ ಮಲಿಕ್ಕೊ" ಅಂದು ನೀನು ಮಂಚದಲ್ಲಿ ಜರುಗಿ ಜಾಗ ಬಿಟ್ಟೆ. ನಾನು ಮಲಗಿಯೂಬಿಟ್ಟೆ. ಬುಧವಾರ ನೀನು ಹೋದೆ.

ಆಮೇಲೆ ಒಂದು ವರ್ಷ ನಾನು ಆ ಆಟ ಮುಟ್ಟಲಿಲ್ಲ. ಶನಿವಾರ ತಪ್ಪದೆ ಕೋರ್ಟು ಸಾರಿಸಿದೆ, ಒಬ್ಬಳೇ. ಮೊಣಕಾಲಿನ ಚರ್ಮ ಸುಲಿದರೆ ಸುಲಿಯಲಿ ಅನ್ನಿಸುತ್ತಿತ್ತು. ಜನ ಮಾತ್ರ ಅಯ್ಯೋ ಪಾಪ ಅನ್ನುತ್ತಿದ್ದರು. ನಿನ್ನ ಅಕ್ಕ ದೊಡ್ಡಮ್ಮ ಮನೆಗೆ ಬಂದವರಿಗೆಲ್ಲ, "ಪಾಪ, ಓಟಿ ಮಾಡಿಸ್ಕಂಡು ಉಡುಗೀನ ಲೇಟಾಗಿ ಬುಟ್ರು" ಅಂತ ಹೇಳುತ್ತಿದ್ದಳು. ಒಂದು ಸುಳ್ಳಿಗೆ ಎಷ್ಟು ಜನ ಮರುಗುತ್ತಾರೆ ಅಲ್ಲವಾ?

ಹೋದ ತಿಂಗಳು ನಿನ್ನ ವರ್ಷದ ಎಡೆ ಇಟ್ಟೆವು. ಹುರುಳಿಕಾಳಿನ ಬಸ್ಸಾರು, ಮುದ್ದೆ, ಕಡಲೇಬೀಜದ ಉಂಡೆ. ದೊಡ್ಡಮ್ಮ ಕರ್ಪೂರ ಹಚ್ಚುತ್ತಾ ಮತ್ತೆ ಅದೇ ಓಟಿಯ ಮಾತು ತೆಗೆದಳು. ನನಗೆ ತಡೆಯಲಾಗಲಿಲ್ಲ. "ಓಟಿ ಇರ್ಲಿಲ್ಲ ದೊಡ್ಡಮ್ಮ. ನಾನು ಆಟ ಆಡ್ತಿದ್ದೆ" ಅಂದೆ. ದೊಡ್ಡಮ್ಮ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಅಪ್ಪ ಹೇಳಿದ: "ಆವತ್ತು ಆಟ ಆಡ್ತಿದ್ದೋಳು ನೀನೊಬ್ಳೇ ಅಲ್ಲ ಮಗ. ನಾನು ಸಂಬಂದ ನೋಡಾಕೆ ಓಗಿರ್ಲಿಲ್ಲ, ಇಸ್ಪೀಟಿಗೆ ಕುಂತಿದ್ದೆ. ಕೋರ್ಟು ನನ್ ಕೆಲ್ಸ. ಎಲ್ರೂ ನಿನ್ನೇ ಕೇಳುದ್ರು, ಯಾಕ್ ಲೇಟು ಅಂತ. ನನ್ನ ಒಬ್ರೂ ಕೇಳ್ನಿಲ್ಲ."

ಹೌದಲ್ಲ ಅವ್ವ, ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನೀನು ಕೂಡ ಆಸ್ಪತ್ರೆಯಲ್ಲಿ ನನ್ನನ್ನೇ ಕೇಳಿದೆ. ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು, ನನ್ನ ತಪ್ಪು ಅರ್ಧವಾಯಿತೆಂದು ಒಂದು ಗಳಿಗೆ ಸಮಾಧಾನವೂ ಆಯಿತು. ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು. ಏಳು ಆಟ ಆಡಿದವಳು ನಾನೇ ತಾನೇ.

ಎಡೆ ಕಳೆದ ಸೋಮವಾರ ವರ್ಕ್‌ಶಾಪಿನಲ್ಲಿ ಶಾಹಿದಾ ಏನೂ ಕೇಳದೆ ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದಳು. ಆಡಿದೆ. ಗೆದ್ದೆ. ಖುಷಿಯಾಯಿತು ಅವ್ವ, ನಿನ್ನಾಣೆ, ಮೊದಲಿನಷ್ಟೇ ಖುಷಿಯಾಯಿತು. ಇಷ್ಟೆಲ್ಲ ಆದ ಮೇಲೂ ಹೇಗೆ ಖುಷಿಯಾಗುತ್ತದೆ ಅಂತ ಅಲ್ಲೇ ಅಳು ಬಂತು. ಆಟದ್ದೇನು ತಪ್ಪು ಅಂತ ನೀನೇ ಅನ್ನುತ್ತಿದ್ದೆಯೇನೋ... ಗೊತ್ತಿಲ್ಲ. ನಿನ್ನ ಬಾಯಿಂದ ಕೇಳದೆ ನಾನಾಗಿ ಅದನ್ನು ಅಂದುಕೊಳ್ಳಲಾರೆ.

ನಿನಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ. ಹೋದ ಶನಿವಾರ ನಾನು ಪೊರಕೆ ಹಿಡಿದು ಹೊರಟರೆ ಅಪ್ಪ ಅದನ್ನು ಕಸಿದುಕೊಂಡ. ರೋಲರ್ ಎಳೆದು, ಸಗಣಿ ನೀರು ಸುರಿದು, ಗುಂಡಿಗಳ ಹತ್ತಿರ ಮೊಣಕಾಲೂರಿ ಕೂತ. ಅವನು ಹಾಗೆ ಕೂತದ್ದನ್ನು ನೀನು ಕಂಡಿದ್ದೆಯಾ? "ನಿಮ್ಮವ್ವ ಮೊದ್ಲು ಮಣ್ಣಾಕ್ತಿದ್ಲಾ, ನೀರಾಕ್ತಿದ್ಲಾ?" ಅಂತ ಕೇಳಿದ. ಇಪ್ಪತ್ತು ವರ್ಷ ಪಕ್ಕದಲ್ಲೇ ನಿಂತು ಬೀಡಿ ಸೇದಿದವನಿಗೆ ಅದು ಗೊತ್ತಿರಲಿಲ್ಲ. ಹೇಳಿಕೊಟ್ಟೆ. ಅರ್ಧ ಕೋರ್ಟಿಗೆ ಬರುವಷ್ಟರಲ್ಲಿ ಸೊಂಟ ಹಿಡಿದು ಎದ್ದು ನಿಲ್ಲಲಾಗಲಿಲ್ಲ. "ಒಬ್ಳೇ ಎಂಗ್ ಮಾಡುದ್ಲೇ ಇದ್ನ" ಅಂದವನು ಹಸಿ ನೆಲದ ಮೇಲೆಯೇ ಕೂತು ಗಟ್ಟಿಯಾಗಿ ಅತ್ತ. ನಾನು ಸಮಾಧಾನ ಮಾಡಲು ಹೋಗಲಿಲ್ಲ ಅವ್ವ. ಸಾಕಾಗುವಷ್ಟು ಅತ್ತು, ಮೂಗೊರೆಸಿಕೊಂಡು, ಉಳಿದರ್ಧವನ್ನೂ ಅವನೇ ಮುಗಿಸಿದ. ನಾನು ಕೈ ಹಾಕಲಿಲ್ಲ.

ನಿನ್ನ ಮಗಳು,
ರತ್ನ