ಹೆಗಲ ಮೇಲಿನ ಬಟ್ಟೆ

ಜೂಜುವಾಡಿ
8-8-1984

ಚಿರಂಜೀವಿ ಶ್ಯಾಮಲಾಗೆ, ನಿನ್ನ ಸೋದರತ್ತೆ ಗೋವಿಂದಮ್ಮನ ಆಶೀರ್ವಾದ.

ಕ್ಷೇಮ ಅಂತ ಶುರು ಮಾಡಬೇಕು, ಆದರೆ ಪಂಚಾಯ್ತಿಯಲ್ಲಿ ಕೂಗಿದ ಗಂಟಲು ಇನ್ನೂ ಸರಿಹೋಗಿಲ್ಲ. ನೀನು ಅಂಚೆಟ್ಟಿಯ ಅಜ್ಜಿ ಮನೆ ಸೇರಿ ಇಪ್ಪತ್ತು ದಿನವಾದರೂ ನಾನು ಕಾಗದ ಹಾಕಲಿಲ್ಲ, ಬೇಜಾರಾಗಬೇಡ.

ನನ್ನ ಟೀ ಅಂಗಡಿಯ ಕರಿಹಲಗೆ ವಿಷಯಕ್ಕೇ ಪಂಚಾಯ್ತಿ. ಲಾರಿಯವರು, ಫ್ಯಾಕ್ಟರಿಯವರು ಒಬ್ಬರಿಗೊಬ್ಬರು ಸುದ್ದಿ ಬರೆದಿಡಲಿ ಅಂತ ಸೀಮೆಸುಣ್ಣ ಇಟ್ಟವಳು ನಾನು. ಅದರ ಮೇಲೆ ಯಾವನೋ ನಿನ್ನನ್ನೂ ನಿಮ್ಮ ಫ್ಯಾಕ್ಟರಿ ಸೂಪರ್‌ವೈಸರನ್ನೂ ಸೇರಿಸಿ ತಮಿಳಿನಲ್ಲಿ ಹೊಲಸು ಬರೆದ. ನೀನು ಕೆಲಸ ಬಿಟ್ಟು ಹೋದೆ. ಬರೆದವನನ್ನು ಹಿಡಿಯಬೇಕು ಅಂತ ನಿಮ್ಮಪ್ಪ ಪಂಚಾಯ್ತಿ ಸೇರಿಸಿದ. ಅವನು ಸಿಗಲಿಲ್ಲ. ಹಲಗೆಯವಳು ಏನು ಮಾಡುತ್ತಿದ್ದಳು ಅಂತ ಯಾರೋ ಕೇಳಿದರು.

ಪಕ್ಕದ ಪಂಕ್ಚರ್ ಅಂಗಡಿ ರಾಮಯ್ಯ ನನ್ನ ಪರ ಎದ್ದ. "ಗೋವಿಂದಮ್ಮಂಗೆ ತಮಿಳು ಓದೋಕೇ ಬರಲ್ಲ, ಅವ್ಳೇನ್ ಮಾಡ್ತಾಳೆ?" ಅಂದ. ಪಂಚಾಯ್ತಿ ಯಜಮಾನರು ಮುತ್ತರಾಯಪ್ಪನವರೂ, "ಹೋಗವ್ವ, ನಿಂದೇನೂ ತಪ್ಪಿಲ್ಲ" ಅಂದುಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. "ಎಂಗೆ ಇಲ್ಲ? ಗೋಡೆ ನಂದು, ಹಲಗೆ ನಂದು, ಒರ್ಸೋ ಬಟ್ಟೆನೂ ನನ್ ಹೆಗಲ ಮೇಲೇ ಇತ್ತು. ಬರ್ದೋನ್ದು ಒಂದು ತಪ್ಪು, ಸಂಜೆಗಂಟ ಬಿಟ್ಟೋಳ್ದು ಇನ್ನೊಂದು. ದಂಡ ಹಾಕ್ರಿ" ಅಂದೆ.

"ಇವ್ಳು ಒಪ್ಕೊಂಡ್ರೆ ನಾಳೆ ನಮ್ ಗೋಡೆಗೂ ಬತ್ತದೆ" ಅಂತ ರಾಮಯ್ಯ ಗೊಣಗಿದ. ಬರಲಿ ಬಿಡು.

ಅವರು ದಂಡ ಹಾಕಲಿಲ್ಲ. ಹಲಗೆಯನ್ನೂ ನಾನು ತೆಗೆಯಲಿಲ್ಲ. ಸೀಮೆಸುಣ್ಣ ಈಗ ನನ್ನ ಸೆರಗಿನ ಗಂಟಿನಲ್ಲಿದೆ. ಬರೆಯುವವನು ಮೊದಲು ಎಲ್ಲರೆದುರು ಓದಿ ಹೇಳಬೇಕು, ಕೆಳಗೆ ತನ್ನ ಹೆಸರು ಹಾಕಬೇಕು. ಅರ್ಧ ಗಿರಾಕಿ ಮುನಿಸಿಕೊಂಡು ಅತ್ತಿಬೆಲೆ ಕಡೆ ಟೀ ಕುಡಿಯುತ್ತಾರೆ. ಕುಡಿಯಲಿ, ನನ್ನ ಒಲೆಯೇನೂ ಆರಿಲ್ಲ.

ಸೋಮವಾರ ಬಾ. ನನ್ನ ಅಂಗಡಿ ಮುಂದೆಯೇ ನಿಂತು ಫ್ಯಾಕ್ಟರಿ ಬಸ್ಸು ಹತ್ತು. ನೋಡುವವರನ್ನು ನಾನು ನೋಡಿಕೊಳ್ಳುತ್ತೇನೆ. ಅಜ್ಜಿಗೆ ನನ್ನ ನಮಸ್ಕಾರ ಹೇಳು. ತಲೆಯೆತ್ತಿಕೊಂಡು ನೂರು ಕಾಲ ಬಾಳು.

ಇಂತಿ ನಿನ್ನ ಅತ್ತೆ,
ಗೋವಿಂದಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ರಾಮಯ್ಯ ಹೇಳಿದ್ದು ಪೂರ್ತಿ ನಿಜವಲ್ಲ. ತಮಿಳಿನಲ್ಲಿ ನಾನು ಓದಬಲ್ಲ ಪದ ಒಂದೇ ಒಂದಿದೆ. ನೀನು ಮೂರನೇ ಕ್ಲಾಸಿನಲ್ಲಿದ್ದಾಗ ನನ್ನ ಒಲೆಯ ಇದ್ದಿಲಿನಲ್ಲಿ ನೆಲದ ಮೇಲೆ ಬರೆದು ನೀನೇ ಕಲಿಸಿದ್ದು, ನಿನ್ನ ಹೆಸರು. ಅವತ್ತು ಬೆಳಿಗ್ಗೆಯೇ ಅದನ್ನು ಹಲಗೆಯ ಮೇಲೆ ನೋಡಿದೆ. ಜನ ಅದನ್ನು ಓದಿ ಮುಸಿಮುಸಿ ನಗುತ್ತಾ ಇನ್ನೊಂದು ಟೀ, ಇನ್ನೊಂದು ಟೀ ಅನ್ನುತ್ತಿದ್ದರು. ಆಮೇಲೆ ಒರೆಸೋಣ ಅಂದುಕೊಂಡೆ. ಇದನ್ನು ಪಂಚಾಯ್ತಿಯಲ್ಲಿ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ. ದಿನವೂ ಮಧ್ಯಾಹ್ನದವರೆಗೆ ಬರುವ ಹಾಲು ಅವತ್ತು ಬೆಳಿಗ್ಗೆ ಎಂಟು ಗಂಟೆಗೇ ಮುಗಿದಿತ್ತು.