ಆರು ಮಂದಿಗೆ ಹೇಳದ ಮಾತು

ಹಾಸನ, ಮಂಗಳವಾರ, 11 ಫೆಬ್ರವರಿ 2025

ದೀಪಶ್ರೀ ಇವತ್ತು ನನ್ನ ಪಾಠವನ್ನೇ ನಿಲ್ಲಿಸಿಬಿಟ್ಟಳು.

ಎಂ.ಎ. ತರಗತಿಯಲ್ಲಿ ಗ್ರೀಕ್ ಮಹಾಕಾವ್ಯವೊಂದರಲ್ಲಿ ಹಡಗಿನಲ್ಲಿ ಊರಿಗೆ ಮರಳುವ ನಾಯಕನ ಪ್ರಸಂಗ ನಡೆದಿತ್ತು. ಮುಂದಿನ ಗವಿಯ ರಾಕ್ಷಸಿ ಆರು ಜನರನ್ನು ನುಂಗುತ್ತಾಳೆಂದು ಅವನಿಗೆ ಗೊತ್ತು. ಹುಟ್ಟು ಹಾಕುತ್ತಿದ್ದವರಿಗೆ ಹೇಳುವುದಿಲ್ಲ. ಹೇಳಿದ್ದರೆ ಅವರು ಹೆದರಿ ಹುಟ್ಟು ಬಿಡುತ್ತಿದ್ದರು, ಹಡಗೇ ಹೋಗುತ್ತಿತ್ತು, ನಾಯಕತ್ವವೆಂದರೆ ಇದೇ ಎಂದು ಪ್ರತಿವರ್ಷದಂತೆ ಜೋರಾಗಿಯೇ ಹೇಳಿದೆ.

"ಬಿಟ್ಬುಡ್ತಿದ್ರು ಅಂತ ಅವ್ನಿಗೆಂಗೆ ಗೊತ್ತು ಮೇಡಂ? ಒಂದ್ಮಾತು ಕೇಳ್ನೇ ಇಲ್ವಲ್ಲ" ಎಂದಳು ದೀಪಶ್ರೀ. ನುಗ್ಗೇಹಳ್ಳಿ ಕಡೆಯ ಹುಡುಗಿ. "ನಮ್ ತ್ವಾಟಕ್ಕೆ ತೆಂಗಿನ್ಕಾಯಿ ಕೀಳೋರು ಬಂದ್ರೆ, ನಮ್ಮಪ್ಪ ಮೊದ್ಲು ಕಡಜ ಕಟ್ಟಿರೋ ಮರ ತೋರಿಸ್ತಾರೆ. ಆಮೇಲೆ ಹತ್ತೋದು ಬಿಡೋದು ಅವ್ರಿಷ್ಟ."

ತರಗತಿ ನಕ್ಕಿತು, ನಾನೂ ನಕ್ಕೆ. ಸ್ಟಾಫ್ ರೂಮಿಗೆ ಬಂದರೆ ನಮ್ಮ ಅತಿಥಿ ಉಪನ್ಯಾಸಕಿ ಸಿಂಧು ಉತ್ತರಪತ್ರಿಕೆ ತಿದ್ದುತ್ತಿದ್ದಳು. "ಮೇಡಂ, ಮುಂದಿನ್ವರ್ಷ ನಾಟಕದ ಪೇಪರ್ ನಂಗೇ ಕೊಡ್ತೀರಲ್ವಾ?" ಎಂದಳು.

ಮುಂದಿನ ವರ್ಷ ಅವಳಿಗೆ ಕೆಲಸವೇ ಇಲ್ಲ. "ಪರೀಕ್ಷೆ ಮುಗಿಯೋಗಂಟ ಬಾಯಿ ಬಿಡ್ಬೇಡಿ, ಮನಸಿಟ್ಟು ಕೆಲ್ಸ ಮಾಡಲ್ಲ" ಎಂದು ಪ್ರಿನ್ಸಿಪಾಲರು ಹೋದ ವಾರ ಹೇಳಿದ್ದಾರೆ. ವಿಭಾಗದ ಮುಖ್ಯಸ್ಥೆಯಾಗಿ ನಾನು ತಲೆಯಾಡಿಸಿದ್ದೆ.

ನಾಳೆ ಬೆಳಿಗ್ಗೆ ಹೋದ ಕೂಡಲೇ ಸಿಂಧುವಿಗೆ ಹೇಳುತ್ತೇನೆ. ಅದರಲ್ಲಿ ಎರಡು ಮಾತಿಲ್ಲ. ಬೇರೆ ಕಾಲೇಜುಗಳಿಗೆ ಅರ್ಜಿ ಹಾಕಲು ಅವಳಿಗಿನ್ನೂ ಕಾಲಾವಕಾಶವಿದೆ. ಪ್ರಿನ್ಸಿಪಾಲರು ಕೂಗಾಡಲಿ. ಹೇಳಿದ ಮೇಲೂ ಅವಳು ಪತ್ರಿಕೆ ತಿದ್ದುತ್ತಾಳೆ, ಅವಳನ್ನು ನಾನು ಬಲ್ಲೆ. ತಿದ್ದದಿದ್ದರೆ ಆ ಕಟ್ಟು ನನ್ನ ಮೇಜಿಗೆ ಬರಲಿ.

ಆ ಗವಿಯ ಮುಂದೆ ನಾಯಕನ ಕೈಯಲ್ಲಿದ್ದದ್ದು ಈಟಿ, ಹುಟ್ಟು ಅಲ್ಲ. ಇಷ್ಟು ವರ್ಷ ಪಾಠ ಮಾಡಿಯೂ ನಾನು ಅದನ್ನು ಗಮನಿಸಿರಲಿಲ್ಲ; ಅವರು ಬಿಟ್ಟ ಹುಟ್ಟನ್ನು ಅವನೇ ಹಿಡಿಯಬಹುದಿತ್ತು.